ಪೌಡರ್ ಸ್ಕೀ ಎಲ್ಲಿ ಮೆತ್ತಗಿರಬೇಕು?

ತೋಟದಲ್ಲಿ ಅಡಿಕೆ ಗೊನೆ ಕೊಯ್ಲು ನಡೆಯುತ್ತಿತ್ತು. ಅಕ್ಕನ ಮಗ ಶಿವಮೊಗ್ಗದಿಂದ ಫೋನ್ ಮಾಡಿದ. ಕಾಶ್ಮೀರದ ಗುಲ್ಮಾರ್ಗ್‌ನ ಪೌಡರ್‌ನಲ್ಲಿ, ಅಂದರೆ ಹೊಸದಾಗಿ ಬಿದ್ದ ಹಿಮದಲ್ಲಿ, ಜಾರುವುದಕ್ಕೆ ಕಾಲಿಗೆ ಕಟ್ಟಿಕೊಳ್ಳುವ ಉದ್ದ ಹಲಗೆ, ಅದೇ ಸ್ಕೀ, ಅದರ ಮಾತು. "ಚಿಕ್ಕಮ್ಮ, ಈ ಸಲ ಗುಲ್ಮಾರ್ಗ್‌ನಲ್ಲಿ ಬಾಡಿಗೆ ಸ್ಕೀ ಬೇಡ ಅಂತ ಮಾಡಿದೀನಿ. ಸ್ವಂತದ್ದು ತಗೋತೀನಿ. ಪೌಡರ್‌ಗೆ ಮೆತ್ತಗಿನ ಸ್ಕೀನೇ ಬೇಕು, ಅದರಲ್ಲೇ ಆಟ ಆಡೋಕೆ ಬರೋದು ಅಂತಾರೆ ಎಲ್ಲ. ಯಾವುದು ತಗೊಳ್ಳಲಿ?"

"ಮೆತ್ತಗೆ ಅಂದ್ರೆ ಎಲ್ಲಿ ಮೆತ್ತಗೆ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಎಲ್ಲಿ ಅಂದ್ರೆ? ಇಡೀ ಸ್ಕೀ ಅಲ್ವಾ?"

ಇಡೀ ಸ್ಕೀ ಅಲ್ಲ. ಅವನಿಗೆ ಅವತ್ತು ಫೋನಿನಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸಮಾಧಾನವಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಹಿಮಕ್ಕೆ ಹೋಗುವ ಹುಡುಗ ಹುಡುಗಿಯರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರೂ ಇದೇ ಪ್ರಶ್ನೆ ಕೇಳುತ್ತಾರೆ.

ನಾವು ತೀರ್ಥಹಳ್ಳಿ ಕಡೆಯವರು. ಆರು ವರ್ಷದಿಂದ ಎಳ್ಳಮಾವಾಸ್ಯೆ ಜಾತ್ರೆ ಮುಗಿಸಿಕೊಂಡು, ಅಡಿಕೆ ಕೆಲಸ ಒಂದು ಹದಕ್ಕೆ ಬಂದ ಮೇಲೆ ಗುಲ್ಮಾರ್ಗ್‌ಗೆ ಹೊರಡುತ್ತೇವೆ. ನಾನು, ನಮ್ಮನೆಯವರು, ಈ ಹುಡುಗ. ಇಳಿಯುವ ಗುಡ್ಡ ಒಂದೇ. ಆದರೆ ಮೂವರು ಇಳಿಯುವ ರೀತಿ ಮೂರು. ನಾನು ಮರಗಳ ನಡುವೆ ನಿಧಾನವಾಗಿ ಸುತ್ತಿ ಸುತ್ತಿ ಬರುತ್ತೇನೆ. ನಮ್ಮನೆಯವರಿಗೆ ವೇಗ ಬೇಕು, ಉದ್ದುದ್ದ ತಿರುವು ಬೇಕು. ಹುಡುಗನಿಗೆ ಸಣ್ಣ ದಿಬ್ಬ ಕಂಡರೂ ಅದರ ಮೇಲಿಂದ ಹಾರಬೇಕು. ಒಬ್ಬರಿಗೆ ಹೊಂದುವ ಸ್ಕೀ ಇನ್ನೊಬ್ಬರ ಕಾಲಿಗೆ ಹಾಕಿದರೆ ಇಬ್ಬರಿಗೂ ದಿನ ಹಾಳು. ಇದನ್ನು ನಾವು ಅದಲು ಬದಲು ಮಾಡಿಯೇ ಕಲಿತೆವು.

ಮೊದಲು ಹಿಮದ ಬಗ್ಗೆ ಸ್ವಲ್ಪ. ಹೊಸದಾಗಿ ಬಿದ್ದ, ಒಣಗಿದ, ಯಾರೂ ತುಳಿಯದ ಹಿಮಕ್ಕೆ ಪೌಡರ್ ಅನ್ನುತ್ತಾರೆ. ಅದರಲ್ಲಿ ಬಹುಪಾಲು ಗಾಳಿಯೇ. ಒಂದು ಘನ ಮೀಟರ್ ನೀರು 1,000 ಕಿಲೋ ತೂಗುತ್ತದೆ. ಅಷ್ಟೇ ಜಾಗದ ಪೌಡರ್ ಸುಮಾರು 50ರಿಂದ 100 ಕಿಲೋ ಮಾತ್ರ. ನಮಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳಬೇಕಾದರೆ, ಆಗುಂಬೆಯಲ್ಲಿ ಒಂದು ದಿನಕ್ಕೆ 100 ಮಿ.ಮೀ. ಮಳೆ ದೊಡ್ಡ ಸುದ್ದಿ ಅಲ್ಲ. ಅದೇ ನೀರು ಒಣ ಹಿಮವಾಗಿ ಬಿದ್ದರೆ ಒಂದು ಮೀಟರ್ ಎತ್ತರ ಆಗುತ್ತದೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ನಮಗೆ ಮಳೆ ತರುವುದು ಅರಬ್ಬಿ ಸಮುದ್ರದ ಮುಂಗಾರು. ಕಾಶ್ಮೀರಕ್ಕೆ ಚಳಿಗಾಲದಲ್ಲಿ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು. ಒಂದು ಮಾರುತ ಬಂದು ಎರಡು ಮೂರು ದಿನ ಸುರಿದು ಹೋಗುತ್ತದೆ. ಆಮೇಲೆ ಬಿಸಿಲು. ಆ ಬಿಸಿಲಿನ ಮೊದಲ ಬೆಳಿಗ್ಗೆಗಾಗಿಯೇ ನಾವು ಇಷ್ಟು ದೂರ ಹೋಗುವುದು.

ಇಂಥ ಹಿಮದಲ್ಲಿ ಬರೀ ಬೂಟಿನಲ್ಲಿ ಕಾಲಿಟ್ಟರೆ ತೊಡೆಯವರೆಗೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ನನ್ನ ತೂಕ 54 ಕಿಲೋ. ಬೂಟು, ಬಟ್ಟೆ, ಬ್ಯಾಗು ಸೇರಿ 64 ಅಂತ ಇಟ್ಟುಕೊಳ್ಳೋಣ. ಬರೀ ಎರಡು ಬೂಟಿನ ಅಡಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ 100 ಗ್ರಾಂಗೂ ಮೇಲೆ ಭಾರ ಬೀಳುತ್ತದೆ. ಕಿರಿದಾದ ಸ್ಕೀ ಹಾಕಿದರೆ ಅದು ಸುಮಾರು 22 ಗ್ರಾಂಗೆ ಇಳಿಯುತ್ತದೆ. ಅಗಲದ ಪೌಡರ್ ಸ್ಕೀ ಹಾಕಿದರೆ ಸುಮಾರು 14 ಗ್ರಾಂ. ಅಗಲ ಯಾಕೆ ಬೇಕು ಅನ್ನುವುದಕ್ಕೆ ಇಷ್ಟು ಸಾಕು.

ಅಗಲವನ್ನು ಸ್ಕೀಯ ಸೊಂಟದಲ್ಲಿ, ಅಂದರೆ ಬೂಟಿನ ಕೆಳಗಿನ ಭಾಗದಲ್ಲಿ ಅಳೆಯುತ್ತಾರೆ. ಗಟ್ಟಿ ಹಿಮದ ಸ್ಕೀಗೆ ಸೊಂಟ 65ರಿಂದ 80 ಮಿ.ಮೀ. ಇರುತ್ತದೆ. ಪೌಡರ್ ಸ್ಕೀಗೆ 105ರಿಂದ 125. ನಾನು ಮೊದಲ ಚಳಿಗಾಲದಲ್ಲಿ ಬಾಡಿಗೆಗೆ ತಂದಿದ್ದು 80ರ ಒಳಗಿನದು. ಸಿಕ್ಕಿದ್ದು ತಂದಿದ್ದೆ, ಕೇಳಬೇಕು ಅಂತ ಗೊತ್ತಿರಲಿಲ್ಲ. ಸ್ಕೀಯ ಮೂತಿ, ಅಂದರೆ ಮುಂದಿನ ತುದಿ, ಹಿಮದೊಳಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು, ನಾನು ಮುಗ್ಗರಿಸುತ್ತಿದ್ದೆ. ಎರಡು ದಿನ ಅತ್ತಿದ್ದೇನೆ.

ಆದರೆ ತೇಲುವುದು ಬರೀ ಅಗಲದ ಮೇಲೆ ನಿಂತಿಲ್ಲ. ನಾಟಿಗೆ ಮೊದಲು ಗದ್ದೆಯ ಕೆಸರನ್ನು ಸಮ ಮಾಡುವ ಹಲಗೆ ನೆನಪಿಸಿಕೊಳ್ಳಿ. ಎತ್ತು ಎಳೆಯುತ್ತದೆ, ಹಲಗೆ ಮೇಲೆ ಆಳು ನಿಂತಿರುತ್ತಾನೆ. ಹಲಗೆಯ ಮುಂದಿನ ಅಂಚು ಕೆಳಗೆ ಬಾಗಿದರೆ ಕೆಸರು ಮುಂದೆ ಗುಡ್ಡೆಯಾಗಿ ಎತ್ತು ನಿಲ್ಲುತ್ತದೆ. ಆಳು ಸ್ವಲ್ಪ ಹಿಂದಕ್ಕೆ ಭಾರ ಬಿಟ್ಟ ಅಂದರೆ ಮುಂದಿನ ಅಂಚು ಏಳುತ್ತದೆ, ಹಲಗೆ ಕೆಸರಿನ ಮೇಲೆ ಹತ್ತಿ ಓಡುತ್ತದೆ. ಸ್ಕೀಯಲ್ಲಿ ನಡೆಯುವುದೂ ಇದೇ. ಮೂತಿ ಮೇಲೆದ್ದಿರಬೇಕು. ಅದಕ್ಕೆ ಪ್ರತಿ ಸಲ ಮೈ ಹಿಂದಕ್ಕೆ ಹಾಕುತ್ತಾ ಹೋದರೆ ತೊಡೆ ಅರ್ಧ ಗಂಟೆಯಲ್ಲಿ ಸೋಲುತ್ತದೆ. ಮೂತಿ ತಾನಾಗಿ ಏಳುವಂತೆ ಮಾಡಿಟ್ಟ ಸ್ಕೀ ಬೇಕು.

ಅದನ್ನು ಎರಡು ರೀತಿಯಲ್ಲಿ ಮಾಡುತ್ತಾರೆ. ಒಂದು ಆಕಾರ. ಇನ್ನೊಂದು ಮೆತ್ತಗಿನ ಗುಣ. ಜನ ಎರಡನ್ನೂ ಸೇರಿಸಿ "ಆಟದ ಸ್ಕೀ" ಅಂದುಬಿಡುತ್ತಾರೆ. ಗೊಂದಲ ಶುರುವಾಗುವುದು ಅಲ್ಲೇ.

ಆಕಾರ: ದೋಣಿಯೋ, ತೆಪ್ಪವೋ

ಹಳೆಯ ಸ್ಕೀಯನ್ನು ನೆಲದ ಮೇಲಿಟ್ಟರೆ ಮಧ್ಯ ಸ್ವಲ್ಪ ಮೇಲೆದ್ದಿರುತ್ತದೆ, ಎರಡು ತುದಿಯ ಹತ್ತಿರ ನೆಲ ಮುಟ್ಟುತ್ತದೆ. ಇದಕ್ಕೆ ಕ್ಯಾಂಬರ್ ಅನ್ನುತ್ತಾರೆ. ನೀವು ಮೇಲೆ ನಿಂತಾಗ ಅದು ಚಪ್ಪಟೆಯಾಗಿ ಇಡೀ ಅಂಚು ಗಟ್ಟಿ ಹಿಮವನ್ನು ಕಚ್ಚುತ್ತದೆ. ಗಟ್ಟಿ ಹಿಮಕ್ಕೆ ಇದು ಬೇಕೇ ಬೇಕು. ರಾಕರ್ ಅಂದರೆ ಇದರ ಉಲ್ಟಾ. ಮೂತಿ ತುಂಬಾ ಮುಂಚೆಯೇ ಮೇಲೆ ಏಳಲು ಶುರುವಾಗುತ್ತದೆ, ಬಾಲವೂ ಹಾಗೇ. ಪಕ್ಕದಿಂದ ನೋಡಿದರೆ ದೋಣಿಯ ತಳದ ಹಾಗೆ ಕಾಣುತ್ತದೆ.

ಈ ಯೋಚನೆ ನಿಜವಾಗಿಯೂ ನೀರಿನಿಂದ ಬಂದದ್ದು. ಶೇನ್ ಮೆಕಾಂಕಿ ಅನ್ನುವ ಸ್ಕೀಯರ್ ಪೌಡರ್ ಹಿಮವನ್ನು ನೀರಿನ ಹಾಗೆ ನೋಡಬೇಕು ಅಂತ ಹಠ ಹಿಡಿದಿದ್ದ. ಅಲಾಸ್ಕಾದಲ್ಲಿ ನೀರಿನ ಮೇಲೆ ಓಡಿಸುವ ವಾಟರ್ ಸ್ಕೀಗಳನ್ನೇ ಕಾಲಿಗೆ ಕಟ್ಟಿಕೊಂಡು ಹಿಮ ಇಳಿದು ತೋರಿಸಿದ. ಆಮೇಲೆ ವೊಲಾಂಟ್ ಕಂಪನಿ ಅವನ ಜೊತೆ ಸೇರಿ ಸ್ಪ್ಯಾಚುಲಾ ಅನ್ನುವ ಸ್ಕೀ ಮಾಡಿತು. ಈ ಶತಮಾನದ ಮೊದಲ ವರ್ಷಗಳ ಮಾತು. ಅದರಲ್ಲಿ ಎಲ್ಲವೂ ತಿರುಗುಮುರುಗು. ಸೊಂಟವೇ ಅಗಲ, 125 ಮಿ.ಮೀ. ಮೂತಿ ಬಾಲ ಕಿರಿದು. ಇಡೀ ಸ್ಕೀ ಮೇಲ್ಮುಖವಾಗಿ ಬಾಗಿದ್ದು. ನೋಡಿದವರು ಇದೇನಿದು ಅಂದರು. ಪೌಡರ್‌ನಲ್ಲಿ ಓಡಿಸಿದವರು ಹಾಗನ್ನಲಿಲ್ಲ. ಶೇನ್ 2009ರಲ್ಲಿ ಇಟಲಿಯ ಡಾಲಮೈಟ್ಸ್ ಬೆಟ್ಟಗಳಲ್ಲಿ ತೀರಿಕೊಂಡ. ಇವತ್ತು ಅಂಗಡಿಯಲ್ಲಿರುವ ಹೆಚ್ಚುಕಡಿಮೆ ಪ್ರತಿಯೊಂದು ಪೌಡರ್ ಸ್ಕೀಯಲ್ಲೂ ಅವನ ಯೋಚನೆಯ ಒಂದು ಪಾಲು ಇದೆ.

ಆಕಾರದಲ್ಲಿ ಇನ್ನೊಂದು ಗುಟ್ಟು ಟೇಪರ್. ಸ್ಕೀಯ ಅತಿ ಅಗಲದ ಜಾಗವನ್ನು ಮೂತಿಯ ತುದಿಯಿಂದ ಸೊಂಟದ ಕಡೆಗೆ ಸರಿಸುತ್ತಾರೆ. ತುದಿ ಕಿರಿದಾಗುತ್ತದೆ. ಆಗ ಮೂತಿ ಹಿಮದಲ್ಲಿ ಸಿಕ್ಕಿಕೊಂಡು ತನ್ನಿಷ್ಟದ ಕಡೆ ಎಳೆಯುವುದು ಕಡಿಮೆ.

ಇದೆಲ್ಲ ಯಾಕೆ ಮುಖ್ಯ ಅಂದರೆ, ಸ್ಕೀ ತಿರುಗಿಸಲು ಎರಡು ದಾರಿ ಇವೆ. ಅಂಚಿನ ಮೇಲೆ ಒರಗಿಸಿ ಗೆರೆ ಕೊರೆದಂತೆ ತಿರುಗುವುದು ಒಂದು. ಪಾದವನ್ನೇ ತಿರುವಿ, ತಳದ ಮೇಲೆ ಜಾರಿಸಿಕೊಂಡು ಹೋಗುವುದು ಇನ್ನೊಂದು. ಉದ್ದದ ದೋಣಿ ನೇರ ಹೋಗುವುದರಲ್ಲಿ ಗಟ್ಟಿಗ, ತಿರುಗಿಸಲು ಕಷ್ಟ. ದುಂಡು ತೆಪ್ಪಕ್ಕೆ ಒಂದು ಹುಟ್ಟು ಹಾಕಿದರೆ ನಿಂತಲ್ಲೇ ತಿರುಗುತ್ತದೆ, ಆದರೆ ನೇರ ಓಡಿಸಲು ಕೈ ಪಳಗಿರಬೇಕು. ರಾಕರ್ ಮತ್ತು ಟೇಪರ್ ಜಾಸ್ತಿಯಾದಷ್ಟೂ ಸ್ಕೀ ತೆಪ್ಪದ ಕಡೆಗೆ ಹೋಗುತ್ತದೆ. ಕಡಿಮೆಯಾದಷ್ಟೂ ದೋಣಿಯ ಕಡೆಗೆ.

ಮೆತ್ತಗಿನ ಗುಣ: ಹಾಳೆ ಗೊತ್ತಿದ್ದವರಿಗೆ ಸುಲಭ

ಅಡಿಕೆ ಹಾಳೆಯ ಮೇಲೆ ಕೂತು ಜಾರದ ಮಲೆನಾಡಿನ ಮಗು ಇದ್ದಿರಲಾರದು. ಒಬ್ಬ ಹಾಳೆಯ ಮೇಲೆ ಕೂರಬೇಕು, ಇನ್ನೊಬ್ಬ ಸೋಗೆ ಹಿಡಿದು ಎಳೆಯಬೇಕು. ಇಳಿಜಾರು ಸಿಕ್ಕರೆ ಎಳೆಯುವವನೂ ಬೇಡ. ಆಗಷ್ಟೇ ಬಿದ್ದ ಹಾಳೆ ಮೆತ್ತಗಿರುತ್ತದೆ. ನೆಲದ ಉಬ್ಬು ತಗ್ಗಿಗೆ ತಕ್ಕಂತೆ ಬಾಗುತ್ತದೆ. ಬಿಸಿಲಿಗೆ ಒಣಗಿ ಸುರುಟಿದ ಹಾಳೆ ಸೆಟೆದುಕೊಳ್ಳುತ್ತದೆ. ವೇಗ ಹೋಗುತ್ತದೆ, ಆದರೆ ಪ್ರತಿ ಕಲ್ಲಿಗೂ ಪಟಪಟ ಬಡಿಯುತ್ತದೆ. ಇನ್ನೊಂದು ಗಮನಿಸಿ. ಹಾಳೆ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ನಡುವೆ ದಪ್ಪ, ಅಂಚಿಗೆ ಹೋಗುತ್ತಾ ತೆಳು. ಕೂತಲ್ಲಿ ಗಟ್ಟಿ, ಅಂಚಿನಲ್ಲಿ ಬಾಗುತ್ತದೆ.

ಒಳ್ಳೆಯ ಆಟದ ಪೌಡರ್ ಸ್ಕೀಯೂ ಹೀಗೇ. ಒಳಗಿನ ಮರದ ತಿರುಳು ಬೂಟಿನ ಕೆಳಗೆ ದಪ್ಪ, ಮೂತಿ ಬಾಲದ ಕಡೆ ತೆಳು. ಪೌಡರ್‌ನಲ್ಲಿ ಹಿಮ ಇಡೀ ತಳವನ್ನು ಮೇಲಕ್ಕೆ ಒತ್ತುತ್ತದೆ, ನಿಮ್ಮ ಭಾರ ಮಾತ್ರ ನಡುವೆ ಬೀಳುತ್ತದೆ. ಹಾಗಾಗಿ ಮೆತ್ತಗಿನ ತುದಿಗಳು ಮೇಲಕ್ಕೆ ಬಾಗುತ್ತವೆ. ಮೂತಿ ಹಿಮ ಅಗೆಯುವ ಬದಲು ಹಿಮದ ಮೇಲೆ ಹತ್ತುತ್ತದೆ. ಸ್ಕೀ ತಾನಾಗಿಯೇ ಬಿಲ್ಲಾಗುತ್ತದೆ, ತಿರುವು ತಾನಾಗಿ ಶುರುವಾಗುತ್ತದೆ. ನನ್ನಂಥ ಹಗುರ ಮೈಯವರಿಗೆ ಇದು ದೊಡ್ಡ ಉಪಕಾರ. ಗಟ್ಟಿ ಸ್ಕೀಯನ್ನು ಬಗ್ಗಿಸುವಷ್ಟು ಭಾರವಾಗಲಿ ವೇಗವಾಗಲಿ ನನ್ನಲ್ಲಿ ಇಲ್ಲ.

ಈಗ ಹುಡುಗನಿಗೆ ಕೇಳಿದ ಪ್ರಶ್ನೆಗೆ ಬರೋಣ. ಎಲ್ಲಿ ಮೆತ್ತಗೆ? ಮೂತಿ ಮೆತ್ತಗಿದ್ದರೆ ತೇಲುವುದು, ತಿರುವು ಶುರು ಮಾಡುವುದು ಸುಲಭ. ಬಾಲ ಮೆತ್ತಗಿದ್ದರೆ ತಿರುವಿನಿಂದ ಬಿಡಿಸಿಕೊಳ್ಳುವುದು, ಬಾಲ ಒದ್ದು ಪಕ್ಕಕ್ಕೆ ಜಾರಿಸುವುದು ಸುಲಭ. ಸೊಂಟ ಮಾತ್ರ ಮೆತ್ತಗಿರಬಾರದು. ಸೊಂಟ ಮೆತ್ತಗಾದರೆ ಹಾರಿ ಇಳಿದಾಗ ಸ್ಕೀ ಪಾದದ ಕೆಳಗೇ ಮಡಚಿದ ಹಾಗಾಗುತ್ತದೆ, ಗಟ್ಟಿ ಹಿಮ ಸಿಕ್ಕಾಗ ಹಿಡಿತ ಇರುವುದಿಲ್ಲ. ಮೂತಿ ಮೆತ್ತಗಿದ್ದು ಬಾಲ ಗಟ್ಟಿಯಿದ್ದರೆ ಅದು ಬೇರೆಯೇ ಜಾತಿಯ ಸ್ಕೀ. ಎರಡೂ ಮೆತ್ತಗಿದ್ದರೆ ಇನ್ನೊಂದು ಜಾತಿ. "ಮೆತ್ತಗಿನ ಸ್ಕೀ" ಅನ್ನುವ ಒಂದೇ ಮಾತಿನ ಒಳಗೆ ಇಷ್ಟೆಲ್ಲ ಇದೆ.

ಬಾಗುವುದು ಬೇರೆ, ತಿರುಚುವುದು ಬೇರೆ. ಇದನ್ನು ಬಹಳ ಜನ ಮರೆಯುತ್ತಾರೆ. ಒದ್ದೆ ಬಟ್ಟೆ ಹಿಂಡುವ ಹಾಗೆ ಸ್ಕೀಯನ್ನು ತಿರುಚಿದರೆ ಅದು ಎಷ್ಟು ಒಪ್ಪುತ್ತದೆ? ಉದ್ದಕ್ಕೆ ಬಾಗಲಿ, ಆದರೆ ತಿರುಚಿಕೊಳ್ಳದಿರಲಿ. ಆಗಲೇ ಅಂಚು ಹಿಮವನ್ನು ಹಿಡಿಯುತ್ತದೆ. ಅಂಗಡಿಯಲ್ಲಿ ಸ್ಕೀಯ ಮೂತಿ ಹಿಡಿದು, ನಡುವೆ ಕೈ ಒತ್ತಿ ನೋಡುತ್ತೇವಲ್ಲ, ಅದರಲ್ಲಿ ಬಾಗುವುದು ತಿಳಿಯುತ್ತದೆ. ತಿರುಚುವ ಗುಣ ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ.

ಇನ್ನು ಒಳಗಿನ ಸಾಮಾನು. ದೋಟಿ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲು ಬಿದಿರಿನ ದೋಟಿ. ಆಮೇಲೆ ಅಲ್ಯೂಮಿನಿಯಂ ಬಂತು. ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊನೆ ತೆಗೆಯುತ್ತಾರೆ, ಔಷಧಿ ಹೊಡೆಯುತ್ತಾರೆ. ಹಗುರ, ಬಾಗುವುದು ಕಡಿಮೆ, ಬಾಗಿದರೂ ತಟ್ಟನೆ ನೆಟ್ಟಗಾಗುತ್ತದೆ. ಆದರೆ ಮೇಲೆ ಆದ ಪ್ರತಿ ಸಣ್ಣ ಅದುರೂ ಕೈಗೆ ಬರುತ್ತದೆ. ಸ್ಕೀಯಲ್ಲಿ ಹಾಕುವ ಕಾರ್ಬನ್ ಪಟ್ಟಿಯ ಗುಣವೂ ಅದೇ. ಹಗುರ, ಚುರುಕು, ಪುಟಿಯುತ್ತದೆ. ಒರಟು ಹಿಮದಲ್ಲಿ ಮಾತ್ರ ಕಾಲು ನಡುಗಿಸುತ್ತದೆ.

ಲೋಹದ ಪದರ ಹಾಕಿದ ಸ್ಕೀ ಇದಕ್ಕೆ ವಿರುದ್ಧ. ಆ ಪದರಕ್ಕೆ ಟೈಟಾನಲ್ ಅಂತ ಹೆಸರು. ಹೆಸರು ಕೇಳಿ ಟೈಟಾನಿಯಂ ಅಂದುಕೊಳ್ಳಬೇಡಿ, ಅದು ಅಲ್ಯೂಮಿನಿಯಂನ ಮಿಶ್ರಲೋಹ. ಭಾರ ಜಾಸ್ತಿ, ಆದರೆ ಅದುರನ್ನು ನುಂಗುತ್ತದೆ. ಮರದಲ್ಲೂ ಭೇದ ಇದೆ. ಪೌಲೋನಿಯಾ ತುಂಬಾ ಹಗುರ, ಪಾಪ್ಲರ್ ನಡುವಿನದು, ಮೇಪಲ್ ಮತ್ತು ಆ್ಯಶ್ ಭಾರ ಮತ್ತು ಗಟ್ಟಿ. ತುಂಬಾ ಹಗುರದ ಸ್ಕೀ ಕೈಗೆತ್ತಿಕೊಂಡಾಗ ಖುಷಿಯಾಗುತ್ತದೆ. ಮಧ್ಯಾಹ್ನದ ಕಲಕಿದ ಹಿಮದಲ್ಲಿ ಆ ಖುಷಿ ಉಳಿಯುವುದಿಲ್ಲ. ಒಂದು ಸ್ಕೀ 1,800ರಿಂದ 2,100 ಗ್ರಾಂ ಇದ್ದರೆ ನನ್ನ ಪ್ರಕಾರ ಸರಿ. ಸ್ಕೀ ಹೊತ್ತು ಬೆಟ್ಟ ಹತ್ತುವವರು ಅದಕ್ಕಿಂತ ಹಗುರದ್ದು ನೋಡಬಹುದು.

ಯಾರಿಗೆ ಯಾವುದು

ಹುಡುಗನದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಆಟದ ಸ್ಕೀ ಅನ್ನುವ ಮಾತು ಹುಟ್ಟಿದ್ದೇ ಇವನಂಥವರಿಂದ. ಹಾರುವುದು, ಗಾಳಿಯಲ್ಲಿ ಸುತ್ತುವುದು, ಬೆನ್ನು ಮುಂದಾಗಿ ಇಳಿಯುವುದು. ಬಾಲದ ಮೇಲೋ ಮೂತಿಯ ಮೇಲೋ ಭಾರ ಹಾಕಿ, ಸ್ಕೀಯನ್ನು ಬಿಲ್ಲಿನಂತೆ ಬಗ್ಗಿಸಿ ನೆಲದಲ್ಲೇ ಸುತ್ತುವುದಕ್ಕೆ ಬಟರ್ ಅನ್ನುತ್ತಾರೆ, ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ. ಇದಕ್ಕೆಲ್ಲ ಮೂತಿ ಮತ್ತು ಬಾಲ ಎರಡೂ ಮೇಲೆ ಬಾಗಿದ ಟ್ವಿನ್ ಟಿಪ್ ಬೇಕು. ಇಲ್ಲದಿದ್ದರೆ ಹಿಂದುಮುಂದಾಗಿ ಇಳಿದಾಗ ಬಾಲ ಹಿಮಕ್ಕೆ ಚುಚ್ಚಿಕೊಳ್ಳುತ್ತದೆ. ಎರಡು ತುದಿಯೂ ಮೆತ್ತಗಿರಬೇಕು, ಆದರೆ ಬಗ್ಗಿಸಿದ ಮೇಲೆ ಪುಟಿಯಬೇಕು. ಸತ್ತ ಹಾಗೆ ಬಾಗಿ ಕೂತರೆ ಪ್ರಯೋಜನವಿಲ್ಲ. ಬಾಲ ಅತಿ ಮೆತ್ತಗಾದರೆ ಇನ್ನೊಂದು ತೊಂದರೆ ಇದೆ. ಹಾರಿ ಇಳಿಯುವಾಗ ಭಾರ ಸ್ವಲ್ಪ ಹಿಂದೆ ಬಿದ್ದರೂ ಬಾಲ ಆಸರೆ ಕೊಡುವುದಿಲ್ಲ. ಕುಂಡಿ ಊರಿ ಕೂರಬೇಕಾಗುತ್ತದೆ. ದೊಡ್ಡ ಎತ್ತರದಿಂದ ಹಾರುವವರು ಬಾಲವನ್ನು ಒಂದು ಪಟ್ಟು ಗಟ್ಟಿಯಾಗಿಯೇ ನೋಡಬೇಕು. ಸಣ್ಣ ದಿಬ್ಬಗಳಲ್ಲೇ ಆಡುವವರು ಮೆತ್ತಗಿನದ್ದಕ್ಕೆ ಹೋಗಬಹುದು.

ಇವನಿಗೆ ನಾನು ಹೇಳಿದ ಹೆಸರುಗಳಲ್ಲಿ ಆರ್ಮಾಡಾ ಕಂಪನಿಯ ಎಆರ್‌ವಿ 116 ಜೆಜೆ ಒಂದು. ಅಟಾಮಿಕ್‌ನ ಬೆಂಟ್ ಚೆಟ್ಲರ್ 120 ಇನ್ನೊಂದು. ಅದು ಅಗಲಕ್ಕೆ ಹೋಲಿಸಿದರೆ ಹಗುರ. ಮೂತಿಯ ಅಂಚು ಅಡ್ಡಕ್ಕೂ ಸ್ವಲ್ಪ ಮೇಲೆ ಬಾಗಿದೆ, ಚಮಚದ ತುದಿಯ ಹಾಗೆ. ಆ ಕಡೆ ಈ ಕಡೆ ಜಾರಿಸಿದರೂ ಅಂಚು ಸಿಕ್ಕಿಕೊಳ್ಳುವುದಿಲ್ಲ. ಕಂಪನಿಗಳು ಒಂದೇ ಹೆಸರಿಟ್ಟುಕೊಂಡು ಒಳಗಿನದನ್ನು ಬದಲಿಸುತ್ತಿರುತ್ತವೆ. ಹೆಸರಿನ ಜೊತೆ ಯಾವ ವರ್ಷದ್ದು ಅಂತಲೂ ನೋಡಿ.

ಹಾರುವುದು ಬೇಡ, ಹಿಮದ ಮೇಲೆ ಅಲೆ ಸವಾರಿ ಮಾಡಿದ ಹಾಗೆ ಹೋಗಬೇಕು ಅನ್ನುವವರು ಇನ್ನೊಂದು ಗುಂಪು. ದೊಡ್ಡ ತಿರುವು, ತಿರುವಿನ ಕೊನೆಗೆ ಬಾಲ ಜಾರಿಸಿ ಹಿಮ ಚಿಮ್ಮಿಸುವುದು. ಲೈನ್ ಕಂಪನಿಯ ಪೆಸ್ಕಾಡೊ ಇಂಥವರಿಗೆಂದೇ ಮಾಡಿದ್ದು. ಎರಿಕ್ ಪೊಲಾರ್ಡ್ ಅನ್ನುವ ಸ್ಕೀಯರ್ ಅದರ ರೂಪ ಮಾಡಿದವರು. ಸೊಂಟ 125 ಮಿ.ಮೀ., ಮೂತಿ ದೊಡ್ಡದು. ಬಾಲ ಕವಲುತೋಕೆ ಹಕ್ಕಿಯ ಹಾಗೆ ಸೀಳಿದೆ. ಸೀಳಿದ ಬಾಲ ಹಿಮದಲ್ಲಿ ಸ್ವಲ್ಪ ಮುಳುಗುತ್ತದೆ, ಅದರಿಂದ ಮೂತಿ ಏಳುತ್ತದೆ. ಗದ್ದೆ ಹಲಗೆಯ ಆಳು ಹಿಂದಕ್ಕೆ ಭಾರ ಬಿಡುತ್ತಾನಲ್ಲ, ಆ ಕೆಲಸವನ್ನು ಇಲ್ಲಿ ಬಾಲವೇ ಮಾಡುತ್ತದೆ. ಬೆನ್ನು ಮುಂದಾಗಿ ಇಳಿಯುವವರಿಗೆ ಇದು ಬೇಡ.

ನನ್ನ ಜಾತಿಯವರು, ಮರದ ನಡುವೆ ಹೋಗುವವರು. ಗುಲ್ಮಾರ್ಗ್ ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ಕೊಡಚಾದ್ರಿ 1,343 ಮೀಟರ್. ಗೊಂಡೋಲಾದ, ಅಂದರೆ ಅಲ್ಲಿನ ಕೇಬಲ್ ಕಾರ್‌ನ, ಎರಡನೇ ಹಂತ ಅಫರ್ವಾತ್ ಬೆಟ್ಟದ ಮೇಲೆ 4,000 ಮೀಟರ್ ಹತ್ತಿರಕ್ಕೆ ಒಯ್ಯುತ್ತದೆ. ಅಲ್ಲಿ ಮರವೇ ಇಲ್ಲ, ಬಯಲು. ಕೆಳಗೆ ಬಂದಂತೆ ಭೂರ್ಜ, ಆಮೇಲೆ ಫರ್, ಪೈನ್. ಹಿಮ ಸುರಿಯುತ್ತಿರುವಾಗ ಮೇಲಿನ ಬಯಲಲ್ಲಿ ಏನೂ ಕಾಣುವುದಿಲ್ಲ. ಮರದ ನಡುವೆ ಕಣ್ಣಿಗೆ ಆಧಾರ ಸಿಗುತ್ತದೆ. ಅಲ್ಲಿ ಬೇಕಾಗುವುದು ತಟ್ಟನೆ ತಿರುಗುವ ಸ್ಕೀ. ಅಗಲ 105ರಿಂದ 112 ಸಾಕು. ತುಂಬಾ ಅಗಲದ್ದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬರಲು ತಡ ಮಾಡುತ್ತದೆ. ಮರ ಎದುರಿಗೆ ಬಂದಾಗ ಆ ಒಂದು ಕ್ಷಣವೇ ಮುಖ್ಯ. ಮೆತ್ತಗಿನ ಮೂತಿ, ನಡುವಿನ ಬಾಲ, ಟೇಪರ್ ಜಾಸ್ತಿ, ಉದ್ದ ಸ್ವಲ್ಪ ಕಡಿಮೆ. ಸಾಲೊಮನ್‌ನ ಕ್ಯೂಎಸ್‌ಟಿ ಬ್ಲ್ಯಾಂಕ್ 112 ಮಿ.ಮೀ. ಸೊಂಟದ್ದು, ಆಟಕ್ಕೂ ಸೈ, ಒರಟು ಹಿಮಕ್ಕೂ ಸೈ. ಆದರೆ ನನ್ನ ತೂಕದವರು ಅದರ ಸಣ್ಣ ಅಳತೆಯನ್ನೇ ನೋಡಬೇಕು.

ನಮ್ಮನೆಯವರದು 84 ಕಿಲೋ ಮೈ, ಜೊತೆಗೆ ವೇಗ. ನನ್ನ ಸ್ಕೀ ಅವರ ಕಾಲಲ್ಲಿ ಹಸಿ ಹಾಳೆಯ ಹಾಗೆ ಬಳುಕುತ್ತದೆ, ಮೂತಿ ಲಟಪಟ ಬಡಿಯುತ್ತದೆ. ಅವರಿಗೆ ಮೂತಿಯಲ್ಲಿ ಸ್ವಲ್ಪ ಮೆತ್ತಗಿನ ಗುಣ ಸಾಕು, ಬಾಲ ಗಟ್ಟಿ ಇರಲಿ, ಒಳಗೆ ಲೋಹ ಇರಲಿ. ಬ್ಲಿಜರ್ಡ್‌ನ ರಸ್ಲರ್ 11 ಈ ಬಗೆಯದು.

ಬೂಟು ಎಲ್ಲಿ ನಿಲ್ಲಬೇಕು

ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಅದೇ ಸ್ಕೀ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ನಾಲ್ಕು ಸೆಂಟಿಮೀಟರ್ ಹಿಂದೆ ಮುಂದೆ ಆದರೆ ಬೇರೆ ಸ್ಕೀಯೇ ಆಗಿಬಿಡುತ್ತದೆ.

ಸ್ಕೀಯ ನಟ್ಟನಡುವಿನಿಂದ ಬೂಟಿನ ನಡುಗೆರೆ ಎಷ್ಟು ಹಿಂದೆ ಇದೆ ಅಂತ ಅಳೆಯುತ್ತಾರೆ. ಹಾರಿ ಸುತ್ತುವವರ ಸ್ಕೀಯಲ್ಲಿ ಅದು ನಡುವಿನಲ್ಲೇ, ಅಥವಾ ಮೂರು ಸೆಂಟಿಮೀಟರ್ ಒಳಗೆ. ತಕ್ಕಡಿ ಸಮ ಇದ್ದ ಹಾಗೆ. ಗಾಳಿಯಲ್ಲಿ ಸುತ್ತುವುದು ಸಲೀಸು, ಹಿಂದುಮುಂದಾಗಿ ಇಳಿದರೂ ಅಷ್ಟೇ ಉದ್ದದ ಆಸರೆ ಸಿಗುತ್ತದೆ. ಆದರೆ ಮುಂದಿರುವ ಮೂತಿ ಗಿಡ್ಡ. ಆಳ ಹಿಮದಲ್ಲಿ ಬೂಟಿನ ನಾಲಗೆಗೆ ಮೊಣಕಾಲು ಒತ್ತಿ ಮುಂದೆ ಬಾಗಿ ಸ್ಕೀ ಮಾಡುವ ಅಭ್ಯಾಸದವರು ಇದರ ಮೇಲೆ ಮುಗ್ಗರಿಸುತ್ತಾರೆ. ನಡುವೆ ನೆಟ್ಟಗೆ ನಿಲ್ಲುವುದನ್ನು ಕಲಿಯಬೇಕು. ವೇಗದವರ ಸ್ಕೀಯಲ್ಲಿ ಬೂಟು ಏಳರಿಂದ ಹತ್ತು ಸೆಂಟಿಮೀಟರ್ ಹಿಂದಿರುತ್ತದೆ. ಮುಂದೆ ಉದ್ದ ಮೂತಿ, ಧೈರ್ಯವಾಗಿ ಒರಗಬಹುದು. ನನ್ನದು ನಡುವಿನಿಂದ ಐದು ಸೆಂಟಿಮೀಟರ್ ಹಿಂದೆ. ಮರದ ನಡುವೆ ಅದು ನನಗೆ ಹದವಾಗಿದೆ.

ಉದ್ದದ ಬಗ್ಗೆ ಒಂದು ಮಾತು. ರಾಕರ್ ಇರುವ ಸ್ಕೀಯ ಎರಡೂ ತುದಿ ಗಾಳಿಯಲ್ಲಿರುತ್ತವೆ. ಗಟ್ಟಿ ಹಿಮದಲ್ಲಿ ನೆಲ ಮುಟ್ಟುವುದು ನಡುವಿನ ಭಾಗ ಮಾತ್ರ. ಹಾಗಾಗಿ ಅಂಚಿಗೆ ಅದು ತನ್ನ ಅಳತೆಗಿಂತ ಗಿಡ್ಡ ಅನ್ನಿಸುತ್ತದೆ. ಬೇರೆ ಸ್ಕೀಗಿಂತ ಐದರಿಂದ ಹತ್ತು ಸೆಂಟಿಮೀಟರ್ ಉದ್ದದ್ದು ತಗೊಳ್ಳಬಹುದು. ಮರದವರು ಆ ಹೆಚ್ಚುವರಿ ಬಿಟ್ಟರೂ ನಡೆಯುತ್ತದೆ.

ಮೆತ್ತಗಿನ ಸ್ಕೀ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಹೇಳಬೇಕು. ಮೂರನೇ ಚಳಿಗಾಲದಲ್ಲಿ ನಾನು ತುಂಬಾ ಮೆತ್ತಗಿನ, ತುಂಬಾ ಹಗುರದ ಒಂದು ಜೋಡಿ ತಗೊಂಡೆ. ಬೆಳಿಗ್ಗೆ ಹತ್ತರವರೆಗೆ ಅದರಷ್ಟು ಚೆಂದದ್ದು ಬೇರೆ ಇಲ್ಲ ಅನ್ನಿಸಿತು. ಮಧ್ಯಾಹ್ನಕ್ಕೆ ಜನ ಓಡಾಡಿ ಹಿಮ ಕಲಕಿ ಗಂಟು ಗಂಟಾಗಿತ್ತು, ನಮ್ಮ ಗದ್ದೆಯಲ್ಲಿ ದನ ಓಡಾಡಿದ ಹಾಗೆ. ಒಂದೊಂದು ಗಂಟಿಗೂ ಮೂತಿ ಒಂದೊಂದು ಕಡೆ ಹೋಗುತ್ತಿತ್ತು. ಗಾಳಿ ಬಡಿದು ಗಟ್ಟಿಯಾದ ಹಿಮದಲ್ಲೂ ಹಾಗೇ ಆಯಿತು. ಹೊಸ ಹಿಮ ಹೊಸದಾಗಿರುವುದು ಒಂದೋ ಎರಡೋ ದಿನ. ಹತ್ತು ದಿನಕ್ಕೆ ಹೋಗುವವರು ಉಳಿದ ಎಂಟು ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ? ಒಂದೇ ಜೋಡಿ ಇಟ್ಟುಕೊಳ್ಳುವವರಿಗೆ ಸೊಂಟದ ಅಗಲ 120ರ ಬದಲು 108ರಿಂದ 114ರ ಆಸುಪಾಸು ನೋಡಿ, ಬೂಟಿನ ಕೆಳಗೆ ಕ್ಯಾಂಬರ್ ಇರುವುದನ್ನು ನೋಡಿ ಅಂತ ನಾನು ಹೇಳುವುದು ಇದಕ್ಕೇ. ದುಡ್ಡೂ ಸಣ್ಣದಲ್ಲ. ಹೊರದೇಶದಲ್ಲಿ ಹೊಸ ಜೋಡಿಗೆ ಬೈಂಡಿಂಗ್ ಬಿಟ್ಟೇ 600ರಿಂದ 900 ಡಾಲರ್ ಆಗುತ್ತದೆ. ವಿಮಾನದಲ್ಲಿ ಒಯ್ಯುವಾಗ ಸ್ಕೀ, ಬೈಂಡಿಂಗ್, ಬೂಟು ಸೇರಿ ಹತ್ತು ಕಿಲೋ ದಾಟುತ್ತದೆ. ಉಳಿದ ಬಟ್ಟೆಬರೆ ಆಮೇಲೆ.

ಸ್ಕೀ ಎಷ್ಟು ಚೆನ್ನಾಗಿ ತೇಲಿದರೂ ಹಿಮ ಕುಸಿದರೆ ಅದು ಕಾಪಾಡುವುದಿಲ್ಲ. 2023ರ ಫೆಬ್ರುವರಿ 1ರಂದು ಅಫರ್ವಾತ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ಹೊಸ ಹಿಮ ಬಿದ್ದ ಮೊದಲ ದಿನವೇ ಸ್ಕೀಗೆ ಅತಿ ಚೆಂದ, ಕುಸಿತಕ್ಕೂ ಅತಿ ಹತ್ತಿರ. ಹೂತುಹೋದವರನ್ನು ಹುಡುಕುವ ಟ್ರಾನ್ಸೀವರ್, ಮಡಚುವ ಸಲಿಕೆ, ಚುಚ್ಚಿ ನೋಡುವ ಉದ್ದನೆಯ ಕೋಲು, ಇವು ಮೂರೂ ಇಲ್ಲದೆ, ಇವನ್ನು ಬಳಸಲು ಬರದೆ, ಹಾದಿ ಬಿಟ್ಟು ಹೋಗಬೇಡಿ. ಸ್ಕೀಗೆ ದುಡ್ಡು ಕೂಡಿಸುತ್ತಿದ್ದರೆ ಮೊದಲು ಇದಕ್ಕೆ ತೆಗೆದಿಡಿ. ಸ್ಥಳೀಯ ಗೈಡ್‌ಗಳು ಬೇಡ ಅಂದ ದಿನ ಕೆಳಗಿನ ಇಳಿಜಾರಿನಲ್ಲೇ ಇರಿ.

ಹುಡುಗ ಎರಡು ವಾರ ಯೋಚನೆ ಮಾಡಿದ. 68 ಕಿಲೋ ಮೈ, ಸಣ್ಣ ದಿಬ್ಬದ ಆಟ, ಒಂದೇ ಜೋಡಿಗೆ ದುಡ್ಡು. 120ರ ಆಸೆ ಬಿಟ್ಟು 116ಕ್ಕೆ ಬಂದಿದ್ದಾನೆ. 112ಕ್ಕೆ ಇಳಿ ಅಂತ ನಾನು ಇನ್ನೂ ಹೇಳುತ್ತಿದ್ದೇನೆ, ಅವನು ಒಪ್ಪುತ್ತಿಲ್ಲ. ಎರಡೂ ತುದಿ ಮೆತ್ತಗೆ, ಸೊಂಟ ಗಟ್ಟಿ, ಅಷ್ಟು ಮಾತ್ರ ಇಬ್ಬರಿಗೂ ಒಪ್ಪಿಗೆ. ಬೈಂಡಿಂಗ್ ಎಲ್ಲಿ ಕೂರಿಸುವುದು ಅನ್ನುವುದು ಬಾಕಿ ಇದೆ. ಅವನಿಗೆ ನಟ್ಟನಡುವೆ ಬೇಕಂತೆ. ನಾನು ಎರಡು ಸೆಂಟಿಮೀಟರ್ ಹಿಂದೆ ಇಡು ಅನ್ನುತ್ತೇನೆ, ಆಳ ಹಿಮ ಅವನು ಇನ್ನೂ ಅಷ್ಟು ನೋಡಿಲ್ಲ. ಒಮ್ಮೆ ತೂತು ಕೊರೆದರೆ ಅದರ ಪಕ್ಕದಲ್ಲೇ ಮತ್ತೆ ಕೊರೆಯಲು ಬರುವುದಿಲ್ಲ, ಮರ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ಬೂಟು ತಗೊಂಡು ಭಾನುವಾರ ಮನೆಗೆ ಬಾ ಅಂದಿದ್ದೇನೆ. ಕಣದಲ್ಲಿ ಸ್ಕೀ ಹಾಸಿ, ಸುಣ್ಣದಕಡ್ಡಿಯಲ್ಲಿ ಎರಡು ಗೆರೆ ಎಳೆದು, ಎರಡರ ಮೇಲೂ ನಿಲ್ಲಿಸಿ ನೋಡುತ್ತೇನೆ.